ಕಯೋಟಿಗಳ ಊರಲ್ಲಿ ನಾಯಿ, ಬೆಕ್ಕು

ನಾವಿರುವುದು ಟೆಕ್ಸಾಸಿನ ಆಸ್ಟಿನ್‌ಗೆ ಪಶ್ಚಿಮದಲ್ಲಿ, ಹಿಲ್ ಕಂಟ್ರಿ ಎನ್ನುವ ಗುಡ್ಡಗಾಡಿನಲ್ಲಿ. ಐದು ಎಕರೆ ಜಾಗ. ಐದು ಎಕರೆ ಅಂದ ಕೂಡಲೇ ತಿಪಟೂರಿನ ನೆಂಟರೆಲ್ಲ "ಏನು ಹಾಕಿದ್ದೀರಿ?" ಅಂತ ಕೇಳುತ್ತಾರೆ. ಏನೂ ಹಾಕಿಲ್ಲ. ಮೇಲೆ ಒಂದು ಗೇಣು ಮಣ್ಣು, ಕೆಳಗೆ ಬರೀ ಸುಣ್ಣಕಲ್ಲು. ಓಕ್ ಮರ, ಸೀಡರ್ ಪೊದೆ, ಪಾಪಾಸುಕಳ್ಳಿ ತಾವಾಗಿಯೇ ಬೆಳೆದಿವೆ. ಜಿಂಕೆ ದಿನಾ ಬರುತ್ತವೆ. ಅವುಗಳ ಹಿಂದೆಯೇ ಕಯೋಟಿಯೂ ಬರುತ್ತದೆ.

ಕಯೋಟಿ ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಬೂದು ಕಂದು ಮೈ, ಉದ್ದ ಮೂತಿ, ಓಡುವಾಗ ಇಳಿಬಿಟ್ಟ ಬಾಲ. ತೂಕ 11ರಿಂದ 18 ಕೆಜಿ. ನಮ್ಮ ನಾಯಿ ಪುಟ್ಟ ಆರು ಕೆಜಿಯೂ ಇಲ್ಲ. ಅವನು ಡ್ಯಾಶ್‌ಹಂಡ್ ಮಿಶ್ರ ತಳಿ, ಮೋಟು ಕಾಲು, ತನ್ನ ಅಳತೆ ತನಗೇ ಗೊತ್ತಿಲ್ಲದ ಜೀವ. ಜೊತೆಗೆ ಚಿನ್ನಿ ಅಂತ ಒಂದು ಬೆಕ್ಕು. ಆಸ್ಟಿನ್‌ನ ಅಪಾರ್ಟ್‌ಮೆಂಟಿನಲ್ಲಿ ಇಬ್ಬರೂ ಸೋಫಾದ ಮೇಲೆ ಬೆಳೆದವರು. ಇಲ್ಲಿಗೆ ಬಂದ ಮೊದಲ ವಾರವೇ ಕತ್ತಲಾದ ಮೇಲೆ ಕೂಗು ಶುರುವಾಯಿತು. ಊಳಿಡುವುದು, ಕಿರುಚುವುದು, ನಗುವುದು, ಎಲ್ಲ ಒಟ್ಟಿಗೆ. ಹತ್ತಿಪ್ಪತ್ತು ಪ್ರಾಣಿ ಮನೆ ಸುತ್ತಿಕೊಂಡಿವೆ ಅನ್ನಿಸುತ್ತದೆ. ಆಮೇಲೆ ತಿಳಿಯಿತು, ಎರಡೇ ಎರಡು ಕಯೋಟಿ ಸಾಕು ಅಷ್ಟು ಗಲಾಟೆಗೆ. ದನಿಯನ್ನು ಏರಿಸಿ ಇಳಿಸಿ ತಿರುಚುತ್ತವೆ, ಗುಡ್ಡಕ್ಕೆ ಬಡಿದು ವಾಪಸ್ ಬಂದ ಸದ್ದೂ ಅದಕ್ಕೆ ಸೇರುತ್ತದೆ. ಬೇರೆ ಗುಂಪಿನವು ಹೆದರಿ ದೂರ ಇರಲಿ ಅಂತ ಅವುಗಳ ಉಪಾಯ. ನಾನಂತೂ ಹೆದರಿದೆ.

ಕೂಗು ಅಭ್ಯಾಸವಾಯಿತು. ಅಷ್ಟರಲ್ಲಿ ರಸ್ತೆ ತುದಿಯ ಅಂಚೆಪೆಟ್ಟಿಗೆಗಳ ಹತ್ತಿರ ಒಂದು ಚೀಟಿ ಅಂಟಿಸಿದ್ದರು. ಕಿತ್ತಳೆ ಬಣ್ಣದ ಬೆಕ್ಕು, ಕಾಣೆಯಾಗಿದೆ, ಸಿಕ್ಕರೆ ತಿಳಿಸಿ. ಪಕ್ಕದಲ್ಲಿ ನಿಂತು ಪತ್ರ ತೆಗೆಯುತ್ತಿದ್ದ ಅಜ್ಜ ಅದನ್ನು ಓದಿ, ತಲೆ ಆಡಿಸಿ, "ಕಯೋಟಿ" ಅಂದರು. ಅಷ್ಟೇ. ಅವತ್ತಿನಿಂದ ಚಿನ್ನಿ ಮನೆಯಿಂದ ಆಚೆ ಕಾಲಿಟ್ಟಿಲ್ಲ.

ಎಲ್ಲರೂ ಮೊದಲು ಹೇಳುವುದು ಬೇಲಿಯ ಮಾತು. ನಮ್ಮ ತಾಲೂಕಿನ ಹಾಗೆ ಇಲ್ಲಿ ಕೌಂಟಿ ಅಂತಿದೆ. ಕೌಂಟಿಯಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ಕಚೇರಿ ಇರುತ್ತದೆ. ಬೆಳೆ, ದನ, ಹುಳ, ಏನು ಬೇಕಾದರೂ ಹೋಗಿ ಕೇಳಬಹುದು, ದುಡ್ಡಿಲ್ಲ. ಅಲ್ಲಿದ್ದಾಕೆ ಬೇಲಿಯ ಮಾತು ಎತ್ತಲೇ ಇಲ್ಲ. "ಮೊದಲು ಒಂದು ಕ್ಯಾಮೆರಾ ಕಟ್ಟಿ. ಅದು ಎಲ್ಲಿಂದ ಬರುತ್ತೆ, ಯಾಕೆ ಬರುತ್ತೆ ನೋಡಿ. ಆಮೇಲೆ ದುಡ್ಡು ಖರ್ಚು ಮಾಡಿ" ಅಂದರು. ನಾನು ಅಮೆರಿಕದಲ್ಲಿ ಪಡೆದ ಸಲಹೆಗಳಲ್ಲೆಲ್ಲ ಇದು ಬೆಸ್ಟು.

ಹೊರಟೆವು. ಮರಕ್ಕೆ ಕಟ್ಟುವ ಕ್ಯಾಮೆರಾ ಬರುತ್ತದೆ, ಎದುರಿಗೆ ಏನಾದರೂ ಅಲುಗಾಡಿದರೆ ಫೋಟೊ ತೆಗೆಯುತ್ತದೆ, ಕತ್ತಲಲ್ಲೂ. ಕಟ್ಟುವ ಮೊದಲು ನಾನೂ ಇವರೂ ಗಡಿ ಸುತ್ತ ನಡೆದೆವು. ನಮ್ಮ ಜಾಗಕ್ಕೆ ಹಳೆಯ ಆಡಿನ ಬೇಲಿ ಇದೆ. ಆರಿಂಚಿನ ಚೌಕದ ತಂತಿ ಬಲೆ, ತುಕ್ಕು ಹಿಡಿದದ್ದು. ಒಂದು ತಗ್ಗಿನಲ್ಲಿ ಬೇಲಿಗೂ ನೆಲಕ್ಕೂ ನಡುವೆ ಸಂದಿ. ಕೆಳಗಿನ ತಂತಿಗೆ ಬೂದು ಕೂದಲು ಸಿಕ್ಕಿಕೊಂಡಿತ್ತು. ಅದರಡಿಯ ಮಣ್ಣು ಸವೆದು ನುಣ್ಣಗಾಗಿತ್ತು. ಕಲ್ಲು ಕೂಡ ನಯವಾಗಿತ್ತು. ಇದು ನಿನ್ನೆ ಮೊನ್ನೆಯ ದಾರಿ ಅಲ್ಲ. ನಾವು ಈ ಜಾಗ ಕೊಳ್ಳುವ ಎಷ್ಟೋ ಮೊದಲಿನದು. ಸ್ವಲ್ಪ ಮುಂದೆ ಹಿಕ್ಕೆ. ಕಡ್ಡಿಯಲ್ಲಿ ಕೆದಕಿದರೆ ಇಲಿಯ ಕೂದಲು, ಪುಟ್ಟ ಮೂಳೆ, ಮತ್ತೆ ಹಣ್ಣಿನ ಬೀಜ. ರಾಶಿ ಬೀಜ.

ಕಯೋಟಿ ಹಣ್ಣು ತಿನ್ನುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಇಲ್ಲಿ ಬೇಸಿಗೆ ಕೊನೆಗೆ ಕಾಡು ಪರ್ಸಿಮನ್ ಅಂತ ಕಪ್ಪು ಹಣ್ಣು ಬಿಡುತ್ತದೆ, ಪಾಪಾಸುಕಳ್ಳಿಯ ಕೆಂಪು ಹಣ್ಣೂ ಆಗಲೇ. ಎರಡೂ ಅವಕ್ಕೆ ಬಲು ಇಷ್ಟ. ಷಿಕಾಗೋ ಸುತ್ತಮುತ್ತ 2000ನೇ ಇಸವಿಯಿಂದ ಕಯೋಟಿಗಳ ಬಗ್ಗೆ ದೊಡ್ಡ ಅಧ್ಯಯನ ನಡೆಯುತ್ತಿದೆ. ಅಲ್ಲಿ ಹಿಕ್ಕೆ ಪರೀಕ್ಷೆ ಮಾಡಿದಾಗ ನೂರಕ್ಕೆ 42ರಲ್ಲಿ ಇಲಿಯಂಥ ಸಣ್ಣ ಪ್ರಾಣಿ, 23ರಲ್ಲಿ ಹಣ್ಣು, 22ರಲ್ಲಿ ಜಿಂಕೆ. ಬೆಕ್ಕಿನ ಗುರುತು ಸಿಕ್ಕಿದ್ದು ನೂರಕ್ಕೆ ಒಂದೆರಡರಲ್ಲಿ. ಅಂದರೆ ಅದು ನಮ್ಮ ಪುಟ್ಟನನ್ನೇ ಹುಡುಕಿಕೊಂಡು ಬರುತ್ತಿಲ್ಲ. ಇಲಿ, ಹಣ್ಣು ಅಂತ ಬರುತ್ತದೆ. ಬಂದಾಗ ಪುಟ್ಟ ಎದುರಿಗೆ ಸಿಕ್ಕರೆ ಬಿಡುವುದಿಲ್ಲ.

ಕ್ಯಾಮೆರಾ ಕಟ್ಟಿದ ಕಾಲಕ್ಕೆ ನಮ್ಮ ಅತ್ತೆ ಬಂದಿದ್ದರು. ವೀಸಾ ಕೊಡುವ ಆರು ತಿಂಗಳಿಗೆ. ಅವರಿಗೆ ಈ ಇಡೀ ಗಡಿಬಿಡಿಯೇ ವಿಚಿತ್ರ. "ನಮ್ಮೂರಲ್ಲಿ ಚಿರತೆ ಓಡಾಡಿದ್ರೆ ಸಂಜೆ ಆರಕ್ಕೆ ನಾಯಿನ ಒಳಗೆ ಕಟ್ತೀವಿ. ಇದಕ್ಕೆ ಕ್ಯಾಮೆರಾ ಯಾಕಮ್ಮ?" ಅಂದರು. ಮಾತು ನಿಜವೇ. ತಿಪಟೂರಿನ ಕಡೆ ತೋಟದ ಮನೆಯಲ್ಲಿರುವವರಿಗೆ ಇದು ಹೊಸದಲ್ಲ. ಚಿರತೆ ಮೊದಲು ಎತ್ತಿಕೊಂಡು ಹೋಗುವುದು ನಾಯಿಯನ್ನೇ.

ಫೋಟೊಗಳಲ್ಲಿ ಜಾಸ್ತಿ ಸಿಕ್ಕಿದ್ದು ಬೆಳಗಿನ ಜಾವ ಮತ್ತು ಸಂಜೆ ಕತ್ತಲಾದ ಮೇಲೆ. ಒಂದು ಜೋಡಿ. ಗಂಡಿಗೆ ಒಂದು ಕಿವಿ ಹರಿದಿದೆ. ತಗ್ಗಿನ ಸಂದಿಯಿಂದ ನುಗ್ಗಿ, ಸೀಡರ್ ಪೊದೆಗಳ ಮರೆಯಲ್ಲೇ ಬಂದು, ನೇರವಾಗಿ ಹಕ್ಕಿಗೆ ಕಾಳು ಹಾಕುವ ಡಬ್ಬದ ಕೆಳಗೆ. ಅಲ್ಲಿ ಕಾಳು ಉದುರುತ್ತದೆ. ಕಾಳಿಗೆ ಇಲಿ, ಅಳಿಲು. ಅವಕ್ಕೆ ಕಯೋಟಿ. ಅಷ್ಟೇ ಅಲ್ಲ, ಇಲಿ ಇದ್ದಲ್ಲಿ ರ್‍ಯಾಟಲ್ ಎನ್ನುವ ವಿಷದ ಹಾವೂ ಬರುತ್ತದೆ ಎಂದು ಪಶುವೈದ್ಯೆ ಹೇಳಿದ ದಿನವೇ ಡಬ್ಬ ಇಳಿಸಿದೆವು.

ಆಮೇಲೆ ಪಿತೃಪಕ್ಷ. ಅತ್ತೆ ವಡೆ, ಪಾಯಸ, ಅನ್ನ, ಕೋಸಂಬರಿ ಎಲ್ಲ ಮಾಡಿ, ಬಾಳೆ ಎಲೆ ಸಿಗದೆ ಪೇಪರ್ ಪ್ಲೇಟಿನಲ್ಲಿ ಎಡೆ ಹಾಕಿ, ಹಿತ್ತಿಲ ಕಲ್ಲಿನ ಮೇಲಿಟ್ಟರು. ಈ ಕಡೆ ಕಾಗೆಗಿಂತ ರಣಹದ್ದೇ ಜಾಸ್ತಿ. ಅವೂ ಇಳಿಯಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಕಾದು ಕಾದು ಒಳಗೆ ಬಂದರು. ಮಾರನೆಯ ಬೆಳಗ್ಗೆ ಪ್ಲೇಟು ಖಾಲಿ. ಅತ್ತೆಗೆ ಸಮಾಧಾನ. ಇವರು ಕ್ಯಾಮೆರಾ ತೆಗೆದು ನೋಡಿದರೆ ಹರಿದ ಕಿವಿಯ ಗಂಡು, ಬಾಯಲ್ಲಿ ಉದ್ದಿನ ವಡೆ. ಅತ್ತೆಗೆ ತೋರಿಸುವುದೋ ಬೇಡವೋ ಅಂತ ನಮ್ಮಿಬ್ಬರಲ್ಲಿ ಚರ್ಚೆ ಆಯಿತು. ತೋರಿಸಿದೆವು. ಅತ್ತೆ ಫೋಟೊ ದಿಟ್ಟಿಸಿ ನೋಡಿ, "ಅವರಿಗೂ ವಡೆ ಅಂದ್ರೆ ಪ್ರಾಣ" ಅಂದರು. ಮಾವ ಹೋಗಿ ಎಂಟು ವರ್ಷವಾಗಿತ್ತು. ಇವರು ಎದ್ದು ಆಚೆ ಹೋದರು.

ಆದರೂ ಅಡುಗೆ ಮನೆಯ ನಿಯಮ ಬದಲಾಯಿತು. ಮಿಕ್ಕ ಅನ್ನ, ಚಪಾತಿ ಆಚೆ ಇಡುವಂತಿಲ್ಲ. ಗೊಬ್ಬರಕ್ಕೆ ಹಾಕುವ ತರಕಾರಿ ಸಿಪ್ಪೆಗೆ ಮುಚ್ಚಳದ ಡ್ರಮ್ಮು. ಪುಟ್ಟನ ಊಟ ಒಳಗೆ. ರಾತ್ರಿ ಹೊತ್ತು ನೀರಿನ ಬಟ್ಟಲೂ ಒಳಗೆ, ಯಾಕೆಂದರೆ ಬೇಸಿಗೆಯಲ್ಲಿ ಹಳ್ಳ ಒಣಗಿದಾಗ ನೀರಿಗಾಗಿಯೇ ಬರುತ್ತವೆ. ಉದುರಿದ ಹಣ್ಣು ಆರಿಸುವುದು ದಿನಾ ಸಂಜೆ ನನ್ನ ಕೆಲಸ. ಮನೆ ಹತ್ತಿರದ ಸೀಡರ್‌ಗಳ ಕೆಳಗಿನ ಕೊಂಬೆ ಸೊಂಟದ ಎತ್ತರಕ್ಕೆ ಕಡಿದೆವು, ಮರೆ ಇರದಂತೆ. ಇದಕ್ಕೆ ಹೆಚ್ಚು ಕಮ್ಮಿ ಖರ್ಚೇ ಇಲ್ಲ. ಕ್ಯಾಮೆರಾದಲ್ಲಿ ಮನೆ ಹತ್ತಿರದ ಫೋಟೊಗಳು ಅರ್ಧಕ್ಕಿಂತ ಕಮ್ಮಿಯಾದವು. ಬೇಲಿಗೆ ಒಂದು ರೂಪಾಯಿ ಹಾಕುವ ಮೊದಲೇ.

ಈ ಮಧ್ಯೆ ಅಂಚೆಪೆಟ್ಟಿಗೆಯ ಅಜ್ಜ ಮಾತಿಗೆ ಸಿಗತೊಡಗಿದರು. ಅವರದು ಮೂರು ತಲೆಮಾರಿನ ಆಡಿನ ರ್‍ಯಾಂಚು. ಅವರಿಗೆ ಇದ್ದ ಪರಿಹಾರ ಒಂದೇ, ಬಂದೂಕು. "ಹೇಳಿ, ಬಂದು ಹೊಡೆದುಕೊಡ್ತೀನಿ" ಅಂದರು, ಬಾವಿಯ ಪಂಪು ರಿಪೇರಿ ಮಾಡಿಕೊಡ್ತೀನಿ ಅನ್ನುವಷ್ಟು ಸಲೀಸಾಗಿ. ಒಳ್ಳೆ ಮನಸ್ಸು. ನಮಗೆ ಮಾತ್ರ ಮನಸ್ಸು ಬರಲಿಲ್ಲ. ಆದರೆ ಅವರ ಕಥೆ ಕೇಳಿದ್ದು ಒಳ್ಳೆಯದಾಯಿತು.

ಅವರ ಅಪ್ಪನ ಕಾಲಕ್ಕೆ ಈ ಗುಡ್ಡಗಳಲ್ಲಿ ಕಯೋಟಿಯೇ ಅಪರೂಪವಂತೆ. ಊರಿಗೆ ಊರೇ ಕುರಿ ಮತ್ತು ಕೂದಲಿಗಾಗಿ ಅಂಗೋರಾ ಆಡು ಸಾಕುತ್ತಿತ್ತು. ಬಲೆ ಬೇಲಿ, ಬೋನು, ವಿಷ, ಸರಕಾರದ ಬೇಟೆಗಾರರು, ಎಲ್ಲ ಸೇರಿ ತೊಡೆದು ಹಾಕಿದ್ದರು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಸರಕಾರಿ ಜಮೀನುಗಳಲ್ಲಿ ಇಂಥ ವಿಷ ಇಡುವುದನ್ನು ನಿಲ್ಲಿಸಿದರು. ಉಣ್ಣೆಗೆ, ಆಡಿನ ಕೂದಲಿಗೆ 1954ರ ಕಾನೂನಿನಿಂದ ಸಿಗುತ್ತಿದ್ದ ಸರಕಾರಿ ಹಣ ನಿಲ್ಲಿಸಲು 1993ರಲ್ಲಿ ಇಲ್ಲಿನ ಸಂಸತ್ತು ತೀರ್ಮಾನಿಸಿತು. ಆಡು ಸಾಕುವವರು ಕಮ್ಮಿಯಾದರು. ಜಮೀನು ತುಂಡು ತುಂಡಾಗಿ ನಮ್ಮಂಥವರ ಕೈಗೆ ಬಂತು. ಬೇಲಿ ನೋಡಿಕೊಳ್ಳುವವರಿಲ್ಲ, ಕಾವಲಿಲ್ಲ, ಹಕ್ಕಿಗೆ ಕಾಳು ಬೇರೆ. ಕಯೋಟಿ ವಾಪಸ್ ಬಂತು. "ನಿಮ್ಮ ಜೊತೆಗೇ ಬಂದಿದ್ದು" ಅಂತ ಅಜ್ಜ ನಕ್ಕರು. ಇಲ್ಲ ಅನ್ನಲಾಗಲಿಲ್ಲ.

ಕೊಲ್ಲುವುದರ ಲೆಕ್ಕವನ್ನೂ ನೋಡಿದೆ. ಅಮೆರಿಕದ ಕೃಷಿ ಇಲಾಖೆಯ ವನ್ಯಜೀವಿ ವಿಭಾಗವೇ 2021ರಲ್ಲಿ 64 ಸಾವಿರದಷ್ಟು ಕಯೋಟಿ ಕೊಂದಿದೆ. ಖಾಸಗಿಯವರು ಹೊಡೆದದ್ದು ಬೇರೆ. ಆದರೂ ಅಲಾಸ್ಕಾದಿಂದ ಪನಾಮದವರೆಗೆ ಹರಡಿವೆ. ಸಂಖ್ಯೆ ಕಮ್ಮಿಯಾದರೆ ಉಳಿದವಕ್ಕೆ ಊಟ ಜಾಸ್ತಿ ಸಿಗುತ್ತದೆ, ಮರಿಗಳು ಜಾಸ್ತಿ ಬದುಕುತ್ತವೆ, ಖಾಲಿ ಜಾಗಕ್ಕೆ ಬೇರೆ ಕಡೆಯ ಪಡ್ಡೆಗಳು ಬಂದು ಸೇರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 1975ರಲ್ಲಿ ಇಬ್ಬರು ಸಂಶೋಧಕರು ಲೆಕ್ಕ ಹಾಕಿದ್ದರು. ಪ್ರತಿ ವರ್ಷ ನೂರಕ್ಕೆ 75 ಕೊಂದರೂ ನಿರ್ನಾಮ ಆಗಲು 50 ವರ್ಷ ಬೇಕಂತೆ. ಹರಿದ ಕಿವಿಯದನ್ನು ಹೊಡೆದರೆ ನಮಗೆ ಸಿಗುವುದು ಇನ್ನೊಂದು, ನಮ್ಮ ಮನೆಯ ರೀತಿ ರಿವಾಜು ಗೊತ್ತಿಲ್ಲದ್ದು.

ಅತ್ತೆಯ ಪ್ರಶ್ನೆ ಸರಳ. "ಬೋನಿಟ್ಟು ಹಿಡಿದು ಕಾಡಿಗೆ ಬಿಡಬಾರದಾ, ನಮ್ಮ ಅರಣ್ಯ ಇಲಾಖೆಯವರ ಥರ?" ಬಿಡುವಂತಿಲ್ಲ. ಟೆಕ್ಸಾಸಿನಲ್ಲಿ ರೇಬಿಸ್ ಕಾರಣಕ್ಕೆ 1995ರಿಂದ ಜೀವಂತ ಕಯೋಟಿ ಸಾಗಿಸುವುದು ನಿಷಿದ್ಧ. ಇದರ ಹಿಂದೊಂದು ಕಥೆ ಇದೆ. 1988ರಲ್ಲಿ ಮೆಕ್ಸಿಕೋ ಗಡಿಯ ಸ್ಟಾರ್ ಕೌಂಟಿಯಲ್ಲಿ ನಾಯಿಗಳಿಂದ ಬರುವ ಬಗೆಯ ರೇಬಿಸ್ ಕಯೋಟಿಗಳಲ್ಲಿ ಶುರುವಾಗಿ ಉತ್ತರಕ್ಕೆ ಹಬ್ಬಿತು. ಆಗ 1995ರಿಂದ ವಿಮಾನದಲ್ಲಿ ಮೀನಿನ ಹಿಟ್ಟಿನ ವಾಸನೆಯ ತಿನಿಸಿನೊಳಗೆ ಲಸಿಕೆ ಇಟ್ಟು ಕಾಡಿನ ಮೇಲೆ ಉದುರಿಸಿದರು. ಕಯೋಟಿಗಳು ತಿಂದವು, ಲಸಿಕೆ ಒಳಗೆ ಹೋಯಿತು. ಆ ಬಗೆಯ ರೇಬಿಸ್ ಈಗ ದೇಶದಲ್ಲೇ ಇಲ್ಲ ಎಂದು 2007ರಲ್ಲಿ ಘೋಷಿಸಿದರು. ಬಾವಲಿಗಳ, ಸ್ಕಂಕ್ ಎನ್ನುವ ದುರ್ವಾಸನೆಯ ಪ್ರಾಣಿಗಳ ರೇಬಿಸ್ ಇನ್ನೂ ಇದೆ. ಹಾಗಾಗಿ ನಾಯಿ ಬೆಕ್ಕುಗಳಿಗೆ ಲಸಿಕೆ ಕಡ್ಡಾಯ. ಮನೆಯೊಳಗೇ ಇರುವ ಚಿನ್ನಿಗೂ. ರೇಬಿಸ್ ಜೊತೆ ಡಿಸ್ಟೆಂಪರ್ ಎನ್ನುವ ನಾಯಿ ರೋಗಕ್ಕೆ ಲಸಿಕೆ, ಚಿಗಟಕ್ಕೆ, ಕಜ್ಜಿಗೆ ತಿಂಗಳ ಮಾತ್ರೆ. ಕಚ್ಚದೆಯೂ ಕಯೋಟಿ ಬಿಟ್ಟು ಹೋಗುವ ಕಾಟಗಳಿವು.

ಇನ್ನು ಬೇಲಿ. ಇದರ ಕಥೆ ದೊಡ್ಡದು.

ಐದು ಎಕರೆಗೂ ಹಾಕಿಸಲು ರೇಟು ಕೇಳಿ ಸುಮ್ಮನಾದೆವು. ಅದರ ಅಗತ್ಯವೂ ಇರಲಿಲ್ಲ. ಪುಟ್ಟ ಓಡಾಡಲು, ನಾವು ಕೂರಲು ಮನೆ ಹಿಂದೆ ಕಾಲು ಎಕರೆ ಸಾಕು. ಆಚೆಗಿನದು ಜಿಂಕೆ, ಕಯೋಟಿ, ಯಾರದಾದರೂ ಇರಲಿ. ಎತ್ತರ ಆರಡಿ. ಬಲೆಯ ಕಣ್ಣು ಎರಡಿಂಚಿಗೆ ನಾಲ್ಕಿಂಚು, ಬೆಸುಗೆ ಹಾಕಿದ ತಂತಿ. ನಾಲ್ಕಡಿ ಬೇಲಿಯನ್ನು ಕಯೋಟಿ ಲೆಕ್ಕಕ್ಕೇ ಇಡುವುದಿಲ್ಲ. ಆರಡಿಯದನ್ನೂ ದಾಟುತ್ತದೆ, ಹಾರಿ ಅಲ್ಲ, ಹತ್ತಿ. ಮುಂಗಾಲನ್ನು ಮೇಲಿನ ಅಂಚಿಗೆ ಕೊಕ್ಕೆಯಂತೆ ಹಾಕಿ, ಹಿಂಗಾಲಿನಿಂದ ಬಲೆ ಒದ್ದು ಮೇಲೇರುತ್ತದೆ.

ಕೆಲಸಕ್ಕೆ ಒಬ್ಬ ಕಂಟ್ರಾಕ್ಟರನ್ನು ಹಿಡಿದೆವು. ಕಂಬ ನೆಡುವಾಗಲೇ ಕಿರಿಕಿರಿ. ಗುಂಡಿ ತೋಡಿದರೆ ಗೇಣಿಗೆ ಬಂಡೆ. ಬಂಡೆ ಕೊರೆಯಲು ಬೇರೆ ಮೆಷಿನ್, ಅದಕ್ಕೆ ಬೇರೆ ದುಡ್ಡು, ಆಗಲಿ ಅಂದೆವು. ಮುಗಿದ ಮೇಲೆ ನೋಡಿದರೆ ಗೇಟಿನ ಕೆಳಗೆ ಒಂದು ಗೇಣು ಸಂದಿ. ಪುಟ್ಟ ಅದರಡಿ ನುಸುಳಿ ಆಚೆ ಹೋಗಿ, ತಿರುಗಿ ನಮ್ಮನ್ನು ನೋಡಿ ಬಾಲ ಅಲ್ಲಾಡಿಸಿದ. ಕೇಳಿದರೆ "ನೆಲ ಇಳಿಜಾರು, ಗೇಟು ತೆಗೆಯೋಕೆ ಜಾಗ ಬೇಕಲ್ಲ" ಅಂತ ಉತ್ತರ. ಚೆಕ್ಕು ಕೈಗೆ ಹೋದ ಮೇಲೆ ಫೋನು ಎತ್ತುವುದೂ ನಿಂತಿತು. ಕಂಟ್ರಾಕ್ಟರುಗಳ ವಿಷಯದಲ್ಲಿ ತಿಪಟೂರಿಗೂ ಟೆಕ್ಸಾಸಿಗೂ ವ್ಯತ್ಯಾಸವಿಲ್ಲ. ಕೊನೆಗೆ ಇವರೇ ಹಲಗೆ ಕಟ್ಟಿ, ಕಾಂಕ್ರೀಟು ಕಲಸಿ, ಗೇಟಿನ ಕೆಳಗೆ ಹೊಸ್ತಿಲು ಹಾಕಿದರು. ಈಗ ಎರಡು ಬೆರಳು ಸಂದಿ. ಅತ್ತೆ ಅದಕ್ಕೆ ಅರಿಶಿನ ಕುಂಕುಮ ಇಟ್ಟರು, ಹೊಸ್ತಿಲಲ್ವಾ.

ಕಯೋಟಿ ತೋಡುವುದನ್ನು ತಡೆಯಲು ಬಲೆಯನ್ನು ಎರಡಡಿ ನೆಲದೊಳಗೆ ಹೂಳಿ ಅನ್ನುತ್ತಾರೆ. ನಮ್ಮ ನೆಲದಲ್ಲಿ ಎರಡಡಿ ಹೂಳಲು ಡೈನಮೈಟ್ ಬೇಕು. ವಿಸ್ತರಣಾ ಕಚೇರಿಯಾಕೆ ಬೇರೆ ದಾರಿ ತೋರಿಸಿದರು. ಹೂಳಬೇಡಿ, ಹಾಸಿ. ಎರಡಡಿ ಅಗಲದ ಬಲೆಯನ್ನು ಬೇಲಿಯ ಬುಡಕ್ಕೆ ತಂತಿಯಿಂದ ಬಿಗಿದು, ಆಚೆ ಕಡೆಗೆ ನೆಲದ ಮೇಲೆ ಮಲಗಿಸಬೇಕು. ಕಯೋಟಿ ಬೇಲಿಯ ಬುಡಕ್ಕೇ ಬಂದು ಕೆರೆಯುತ್ತದೆ, ಕಾಲ ಕೆಳಗೆ ತಂತಿ ಸಿಗುತ್ತದೆ. ಎರಡಡಿ ಹಿಂದೆ ಸರಿದು ತೋಡಬೇಕು ಅನ್ನುವುದು ಅದಕ್ಕೆ ಹೊಳೆಯುವುದಿಲ್ಲ. ಮಣ್ಣಿದ್ದಲ್ಲಿ ಮೊಳೆ ಹೊಡೆದೆವು. ಬಂಡೆ ಇದ್ದಲ್ಲಿ ಮೊಳೆ ಇಳಿಯಲಿಲ್ಲ. ಕಲ್ಲಿಗೇನು ಬರವೇ? ಹೊತ್ತು ತಂದು ಅಂಚಿಗೆ ಪೇರಿಸಿದೆವು. ಚಳಿಗಾಲ ಕಳೆಯುವಷ್ಟರಲ್ಲಿ ಹುಲ್ಲು ಬಲೆಯ ಕಣ್ಣಿನಿಂದ ಎದ್ದು, ಹೆಣೆದುಕೊಂಡು, ಈಗ ಕಿತ್ತರೂ ಬರುವುದಿಲ್ಲ.

ಮೇಲಿನ ಅಂಚಿಗೆ ಉರುಳೆ. ರೆಡಿಮೇಡ್ ಅಲ್ಯೂಮಿನಿಯಂನದು ಸಿಗುತ್ತದೆ, ಬೆಲೆ ನೋಡಿ ನಾವೇ ಮಾಡಿದೆವು. ಬೇಲಿಯ ತಲೆಯ ಮೇಲೆ ಕಂಬದಿಂದ ಕಂಬಕ್ಕೆ ಉಕ್ಕಿನ ತಂತಿ. ತಂತಿಗೆ ಒಂದಿಂಚಿನ ಪಿವಿಸಿ ಪೈಪು ಪೋಣಿಸಿ, ಅದರ ಮೇಲೆ ಮೂರಿಂಚಿನ ಪೈಪು. ಕಯೋಟಿ ಮುಂಗಾಲು ಹಾಕಿದರೆ ಹೊರಗಿನ ಪೈಪು ಗಿರ್ರನೆ ತಿರುಗುತ್ತದೆ, ಹಿಡಿತ ಸಿಗದೆ ಹಿಂದಕ್ಕೆ ಬೀಳುತ್ತದೆ. ತಂತಿ ಬಿಗಿಯಾಗಿರಬೇಕು, ಜೋಲು ಬಿದ್ದರೆ ಪೈಪು ತಿರುಗುವುದಿಲ್ಲ. ನಾವು ಒಂದೊಂದು ಕಂಬದ ನಡುವೆ ಬಿಗಿಯುವ ತಿರುಪು ಹಾಕಿದ್ದೇವೆ. ಜನವರಿ ಫೆಬ್ರವರಿ ಅವುಗಳ ಬೆದೆಯ ಕಾಲ, ಓಡಾಟ ಜಾಸ್ತಿ. ಆಗ ಒಂದು ರಾತ್ರಿಯ ಫೋಟೊ ಸಾಲಿನಲ್ಲಿ ಇದು ಕೆಲಸ ಮಾಡಿದ್ದು ಕಂಡಿತು. ಮೊದಲ ಫೋಟೊದಲ್ಲಿ ಕಯೋಟಿ ಬೇಲಿಯ ಮೇಲೆ, ಮುಂಗಾಲು ಪೈಪಿನ ಮೇಲೆ. ಎರಡನೆಯದರಲ್ಲಿ ಬರೀ ಬಾಲ. ಮೂರನೆಯದರಲ್ಲಿ ನೆಲದ ಮೇಲೆ ಕೂತು ಬೇಲಿಯನ್ನು ನೋಡುತ್ತಿದೆ.

ಉಳಿದ ಸಾಮಾನುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ತೋಳದ ಮೂತ್ರ ಬಾಟಲಿಯಲ್ಲಿ ಮಾರುತ್ತಾರೆ, ದುಡ್ಡು ದಂಡ. ಮಿನುಗುವ ದೀಪ ಕೆಲವು ದಿನ ಕೆಲಸ ಮಾಡುತ್ತದೆ, ಜಾಗ ಬದಲಿಸದಿದ್ದರೆ ಅಭ್ಯಾಸವಾಗುತ್ತದೆ. ಪುಟ್ಟನಿಗೆ ಒಂದು ಮುಳ್ಳಿನ ಅಂಗಿ ಇದೆ. ಸ್ಯಾನ್ ಡಿಯಾಗೋದಲ್ಲಿ ತಮ್ಮ ನಾಯಿಯನ್ನು ಕಯೋಟಿಗೆ ಕಳೆದುಕೊಂಡ ದಂಪತಿ ಶುರು ಮಾಡಿದ್ದು. ಹರಿಯದ ಬಟ್ಟೆ, ಕೊರಳ ಸುತ್ತ ಮೊಳೆ. ಕುರಿ ಕಾಯುವವರು ನಾಯಿಯ ಕೊರಳಿಗೆ ಕಟ್ಟುವ ಮೊಳೆ ಪಟ್ಟಿ ನೋಡಿದವರಿಗೆ ಇದು ಹೊಸದಲ್ಲ. ಕಯೋಟಿ ಕಚ್ಚುವುದು ಕೊರಳಿಗೆ, ಅದಕ್ಕೇ. ಬೇಲಿಯಿಂದ ಆಚೆ ಹೋಗುವಾಗ ಮಾತ್ರ ಹಾಕುತ್ತೇವೆ. ಉದ್ದ ಎಳೆದುಕೊಳ್ಳುವ ಹಗ್ಗ ಬಿಟ್ಟು ಆರಡಿಯ ಗಟ್ಟಿ ಹಗ್ಗ ಹಿಡಿದೆವು. ನಾಯಿ ಇಪ್ಪತ್ತಡಿ ಮುಂದಿದ್ದರೆ ಎತ್ತಿಕೊಳ್ಳುವುದು ಹೇಗೆ?

ಇಲ್ಲಿಯವರು ಬಲವಾಗಿ ನಂಬುವ ಇನ್ನೊಂದು ಉಪಾಯ ಓಡಿಸುವುದು. ಕಯೋಟಿ ಕಂಡರೆ ಸುಮ್ಮನೆ ಫೋಟೊ ತೆಗೆದುಕೊಂಡು ನಿಂತರೆ ಅದಕ್ಕೆ ಮನುಷ್ಯರ ಭಯ ಹೋಗುತ್ತದೆ. ಕೈ ಎತ್ತಿ, ಕೂಗಿ, ಸದ್ದು ಮಾಡಿ, ಅದು ಪೂರ್ತಿ ಕಣ್ಮರೆಯಾಗುವ ತನಕ ಬಿಡಬಾರದು. ನನಗೆ ಕೂಗಲು ನಾಚಿಕೆ. ಅಕ್ಟೋಬರಿನಲ್ಲಿ ಮರಿಗಳು ದೊಡ್ಡವಾಗಿ ಗುಂಪು ಬಿಟ್ಟು ಹೊರಡುವ ಕಾಲ, ಅನುಭವ ಇರುವುದಿಲ್ಲ, ಧೈರ್ಯ ಜಾಸ್ತಿ. ಅಂಥದ್ದೊಂದು ಹಾಡಹಗಲೇ ಬಂದು ಹಿತ್ತಿಲ ಕಲ್ಲಿನ ಹತ್ತಿರ ನಿಂತಿತು. ಆಗಿನ್ನೂ ಬೇಲಿ ಮುಗಿದಿರಲಿಲ್ಲ. ನಾನು ಪುಟ್ಟನನ್ನು ಎತ್ತಿಕೊಂಡು ನಿಂತೆ. ಅತ್ತೆ ಅಡುಗೆ ಮನೆಯಿಂದ ಸ್ಟೀಲ್ ತಟ್ಟೆ, ಸೌಟು ಹಿಡಿದು ಬಂದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ಹೊಲದಲ್ಲಿ ಹಂದಿ ಓಡಿಸುವ ಕೂಗು ಇದೆಯಲ್ಲ, ಅದನ್ನು ಟೆಕ್ಸಾಸ್ ಅವತ್ತೇ ಮೊದಲು ಕೇಳಿದ್ದು. ಕಯೋಟಿ ಹತ್ತು ಹೆಜ್ಜೆ ಓಡಿ ತಿರುಗಿ ನೋಡಿತು. ಅತ್ತೆ ಇಪ್ಪತ್ತು ಹೆಜ್ಜೆ ಮುಂದೆ ಹೋದರು. ಅದು ಮತ್ತೆ ತಿರುಗಲಿಲ್ಲ. ಆ ತಟ್ಟೆ, ಸೌಟು ಈಗಲೂ ಹಿಂಬಾಗಿಲ ಗೂಟಕ್ಕೆ ನೇತಾಡುತ್ತವೆ.

ಮರಿ ಹಾಕುವ ಕಾಲದಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ. ಏಪ್ರಿಲ್, ಮೇ. ಮೇ ತಿಂಗಳ ಒಂದು ಬೆಳಗ್ಗೆ ಹಳ್ಳದ ದಾರಿಯಲ್ಲಿ ಪುಟ್ಟನ ಜೊತೆ ಹೋಗುತ್ತಿದ್ದೆ. ಹಿಂದೆ ಏನೋ ಇದೆ ಅನ್ನಿಸಿತು. ಹರಿದ ಕಿವಿ. ಐವತ್ತಡಿ ದೂರ. ನಾನು ನಿಂತರೆ ಅದೂ ನಿಲ್ಲುತ್ತದೆ, ನಡೆದರೆ ನಡೆಯುತ್ತದೆ. ಬೇಟೆಗೆ ಬಂದದ್ದಲ್ಲ, ಬಿಲ ಹತ್ತಿರ ಇದೆ, ಇಲ್ಲಿಂದ ಹೊರಡಿ ಅನ್ನುವ ಕಾವಲು ಅದು ಅಂತ ಓದಿದ್ದೆ. ಓದಿದ್ದು ಬೇರೆ, ಬೆನ್ನ ಹಿಂದೆ ಇರುವುದು ಬೇರೆ. ಪುಟ್ಟನನ್ನು ಎದೆಗೆ ಒತ್ತಿಕೊಂಡು, ಅದರ ಕಡೆ ಮುಖ ಮಾಡಿಕೊಂಡೇ ಹಿಂದೆ ಹಿಂದೆ ನಡೆದೆ. ಓಡಬಾರದು, ಓಡಿದರೆ ಅಟ್ಟಿಸಿಕೊಂಡು ಬರುತ್ತದೆ. ಹಳ್ಳದ ತಿರುವು ದಾಟಿದ ಮೇಲೆ ಅದು ಕೂತುಬಿಟ್ಟಿತು. ಆಮೇಲೆ ಬೇಸಿಗೆ ಕಳೆಯುವವರೆಗೆ ಆ ದಾರಿ ಬಿಟ್ಟು ರಸ್ತೆಯಲ್ಲೇ ಸುತ್ತಾಡಿದೆವು. ಅದರ ಜಾಗ, ಅದರ ಮಕ್ಕಳು.

ಚಿನ್ನಿಯ ಮುನಿಸು ಕೆಲವು ತಿಂಗಳು ಇತ್ತು. ಬಾಗಿಲ ಹತ್ತಿರ ಕೂತು ಅರಚುತ್ತಿತ್ತು. ಕೊನೆಗೆ ಇವರು ಮಲಗುವ ಕೋಣೆಯ ಕಿಟಕಿಗೆ ಸೇರಿಸಿ ಜಾಲರಿ ಗೂಡು ಕಟ್ಟಿದರು, ಮೇಲೂ ಜಾಲರಿ, ಗೂಬೆ ಗಿಡುಗಗಳ ಭಯಕ್ಕೆ. ಕೋಳಿ ಗೂಡಿನ ಷಡ್ಕೋನ ಜಾಲರಿ ಬೇಡ, ಅದು ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಕಯೋಟಿಯನ್ನು ಹೊರಗಿಡುವುದಿಲ್ಲ. ಅರ್ಧ ಇಂಚಿನ ಚೌಕದ ಗಟ್ಟಿ ಜಾಲರಿ ತನ್ನಿ. ಚಿನ್ನಿ ಅಲ್ಲಿ ಕೂತು ಜಿಂಕೆಗಳಿಗೆ ಬಯ್ಯುತ್ತಿರುತ್ತದೆ.

ಅಜ್ಜನಿಗೆ ನಾವು ಬಂದೂಕು ಬೇಡ ಅಂದದ್ದು ಇನ್ನೂ ಜೀರ್ಣವಾಗಿಲ್ಲ. ಹೋದ ತಿಂಗಳು ಹೊಸ ಮಾತು ತಂದರು, ಕತ್ತೆ ಸಾಕಿ ಅಂತ. ಕತ್ತೆಗೆ ನಾಯಿ ಜಾತಿಯ ಪ್ರಾಣಿ ಕಂಡರೆ ಆಗುವುದಿಲ್ಲ, ಒದ್ದು ಕಚ್ಚಿ ಓಡಿಸುತ್ತದೆ. ಅವರ ಆಡುಗಳ ಜೊತೆ ಒಂದಿದೆ. ಒಂದೇ ಇರಬೇಕಂತೆ, ಎರಡಿದ್ದರೆ ಒಂದಕ್ಕೊಂದು ಜೊತೆಯಾಗಿ ಆಡುಗಳನ್ನು ಮರೆಯುತ್ತವೆ. ಆದರೆ ನಾಯಿ ಜಾತಿ ಕಂಡರಾಗದು ಅಂದರೆ ಪುಟ್ಟನ ಗತಿ? ಅಜ್ಜ ಪುಟ್ಟನನ್ನು ಒಮ್ಮೆ ನೋಡಿ, "ಅದನ್ನು ನಾಯಿ ಅಂತ ಕತ್ತೆ ಒಪ್ಪಬೇಕಲ್ಲ" ಅಂದರು.

ಕತ್ತೆಯ ಮಾತು ಅಲ್ಲಿಗೇ ನಿಂತಿದೆ. ಸದ್ಯದ ತೊಂದರೆ ಬೇರೆ. ಬೇಲಿ ಮುಗಿದ ಮೇಲೆ ಕಯೋಟಿ ಒಳಗೆ ಬಂದಿಲ್ಲ, ಆದರೆ ಪುಟ್ಟ ಎರಡು ಸಲ ಆಚೆ ಹೋಗಿದ್ದಾನೆ. ಡ್ಯಾಶ್‌ಹಂಡ್ ತಳಿಯನ್ನು ಬೆಳೆಸಿದ್ದೇ ಬಿಲ ತೋಡಿ ಬ್ಯಾಡ್ಜರ್ ಹಿಡಿಯಲು. ಬಲೆ ಹಾಸಿರುವುದು ಆಚೆ ಕಡೆ, ಅವನು ತೋಡುವುದು ಈಚೆ ಕಡೆಯಿಂದ. ಮಣ್ಣು ಇರುವ ಜಾಗ ಯಾವುದು ಅಂತ ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಈ ಶನಿವಾರ ಇನ್ನೊಂದು ಸುರುಳಿ ಬಲೆ ತರಬೇಕು, ಒಳಗಡೆಗೂ ಹಾಸಲು. ಅತ್ತೆಗೆ ಫೋನಿನಲ್ಲಿ ಹೇಳಿದರೆ, "ಆ ಕಯೋಟಿನೇ ವಾಸಿ ಕಣಮ್ಮ, ಹೇಳಿದ್ದು ಕೇಳ್ತು" ಅಂದರು.